ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ಅಜ್ಜಿ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಒಂದು ಹಳೇ ಕ್ಯಾಸೆಟ್. 60 ನಿಮಿಷದ್ದು. ಇದರಲ್ಲಿ ಹಾಡಿಲ್ಲ, ಒಂದು ಕಾಗದ ಇದೆ. ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬರು ಈ ಮಾತಿಗೋಸ್ಕರ ಎರಡು ದಿನದ ಮಟ್ಟಿಗೆ ಕೊಟ್ಟಿದ್ದಾರೆ. ಅವರು ಹುಟ್ಟಿದ್ದು ಆಗಿನ ಸೊಮಾಲಿಯಾದ ಉತ್ತರದಲ್ಲಿರುವ ಹರ್ಗೇಸಾ ಊರಲ್ಲಿ. ಬೆಳೆದದ್ದು ಇಲ್ಲೇ ಟೊರೊಂಟೊದಲ್ಲಿ, ಡಿಕ್ಸನ್ ರಸ್ತೆಯ ಪಕ್ಕ ಸಾಲಾಗಿ ನಿಂತಿರುವ ಆ ಎತ್ತರದ ಕಟ್ಟಡಗಳಲ್ಲಿ. ನಾವೆಲ್ಲ ವಿಮಾನ ನಿಲ್ದಾಣದಿಂದ ಬರುವಾಗ ಆ ಕಟ್ಟಡಗಳನ್ನು ನೋಡಿರುತ್ತೇವೆ. ಒಳಗೆ ಎಂಥ ಬಾಲ್ಯ ನಡೆದಿದೆ ಅಂತ ಕೇಳಿದ್ದು ಕಡಿಮೆ, ಅಲ್ವಾ?

1988ರಲ್ಲಿ ಸೊಮಾಲಿಯಾ ಆಳುತ್ತಿದ್ದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಸರ್ಕಾರ ಹರ್ಗೇಸಾದ ಮೇಲೆ ಬಾಂಬ್ ಹಾಕಿತು. ವಿಮಾನಗಳು ಹಾರಿದ್ದು ಅದೇ ಊರಿನ ವಿಮಾನ ನಿಲ್ದಾಣದಿಂದ. ಲಕ್ಷಾಂತರ ಜನ ನಡೆದುಕೊಂಡೇ ಇಥಿಯೋಪಿಯಾ ಕಡೆ ಹೋದರು. 1991ರ ಜನವರಿಯಲ್ಲಿ ಆ ಸರ್ಕಾರವೇ ಬಿತ್ತು. ಆಮೇಲೆ ರಾಜಧಾನಿ ಮೊಗದಿಶುವಿನವರೂ ಊರು ಬಿಟ್ಟರು. ನೈರೋಬಿಯ ಈಸ್ಟ್‌ಲೀ, ಲಂಡನ್, ಮಿನಿಯಾಪೊಲಿಸ್, ಟೊರೊಂಟೊ. ಒಂದೇ ಮನೆಯವರು ನಾಲ್ಕು ದೇಶದಲ್ಲಿ.

ಊರಲ್ಲಿ ಅಂಚೆ ಇಲ್ಲ. ಫೋನ್ ಕರೆಗೆ ದುಡ್ಡು ಜಾಸ್ತಿ. ಹಾಗಾಗಿ ಮಾತನ್ನು ಟೇಪ್ ಮಾಡಿ, ಆ ಕಡೆಗೆ ಹೋಗುವವರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಓದು ಬರಹ ಬರದ ಅಜ್ಜಿಯರಿಗೆ ಇದು ಎಷ್ಟು ಅನುಕೂಲ ಆಗಿರಬೇಕು, ಯೋಚನೆ ಮಾಡಿ. ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ಬಂದದ್ದೇ 1972ರಲ್ಲಿ. ಆದರೆ ಅದೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಅದು ಕಿವಿಯಲ್ಲಿ ಬಾಳಿದ ಭಾಷೆ. 1979ರ ಸುಮಾರಿಗೆ ಕವಿ ಗಾರಿಯೆ ಒಂದು ಪದ್ಯ ಕಟ್ಟಿದರು. ಅದಕ್ಕೆ ಹದ್ರಾವಿ ಉತ್ತರ ಕಟ್ಟಿದರು. ಆಮೇಲೆ ಹತ್ತಾರು ಕವಿಗಳು ಸೇರಿಕೊಂಡರು. ಎಲ್ಲರದ್ದೂ 'ದ' ಅಕ್ಷರದ ಮೇಲೇ ನಡೆಯುವ ಪದ್ಯ. ನಮ್ಮ ಹಳಗನ್ನಡ ಕವಿಗಳು ಸಾಲಿನ ಎರಡನೇ ಅಕ್ಷರದ ಪ್ರಾಸ ಬಿಡದೆ ಬರೆಯುತ್ತಿದ್ದರಲ್ಲ, ಅಂಥದ್ದೇ ಹಠ. ಆ ಪದ್ಯಗಳು ಸರ್ಕಾರದ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಹೋದದ್ದು ಕ್ಯಾಸೆಟ್ಟಿನಲ್ಲೇ. ಅಂಥವರ ಮನೆಗಳಲ್ಲಿ ಕಾಗದವೂ ಕ್ಯಾಸೆಟ್ ಆಗಿದ್ದು ಸಹಜ.

ಇಂಥ ಕ್ಯಾಸೆಟ್ ಬಂದ ದಿನ ಹೇಗಿರುತ್ತಿತ್ತು ಅಂತ ಗೆಳತಿ ಹೇಳಿದ್ದನ್ನು ಹೇಳುತ್ತೇನೆ. ಅಮ್ಮ ಅಡುಗೆ ಮುಗಿಸಿ, ದಬ್‌ಖಾದ್ ಅನ್ನುವ ಧೂಪದ ಪಾತ್ರೆಯಲ್ಲಿ ಕೆಂಡ ಹಾಕಿ ಊನ್ಸಿ ಅನ್ನುವ ಧೂಪ ಉದುರಿಸುತ್ತಿದ್ದರು. ಮನೆಯೆಲ್ಲ ಸಿಹಿ ಹೊಗೆ. ಏಲಕ್ಕಿ, ಚಕ್ಕೆ ಹಾಕಿ ಕುದಿಸಿದ ಚಹಾ, ಅವರ ಮಾತಿನಲ್ಲಿ ಶಾಹ್. ಪಕ್ಕದ ಮನೆಯವರೂ ಬಂದು ನೆಲದ ಮೇಲೆ ಕೂರುತ್ತಿದ್ದರು, ಅವರ ಊರಿನ ಸುದ್ದಿಯೂ ಅದರಲ್ಲಿ ಇರಬಹುದು ಅಂತ. ಮೊದಲು ಸಲಾಂ. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕ್ಷೇಮ ಕೇಳುವುದು. ಅದಕ್ಕೇ ಹತ್ತು ನಿಮಿಷ.

ಅಜ್ಜಿ ಮೊಮ್ಮಗಳನ್ನು ಏನಂತ ಕರೆಯುತ್ತಿದ್ದರು ಗೊತ್ತಾ? 'ಅಯೇಯೊ' ಅಂತ. ಅಯೇಯೊ ಅಂದರೆ ಅಜ್ಜಿ! ಸೊಮಾಲಿಗಳಲ್ಲಿ ಅಮ್ಮ ಮಗಳನ್ನು 'ಹೋಯೊ', ಅಂದರೆ ಅಮ್ಮ ಅಂತಲೇ ಕರೆಯುತ್ತಾಳೆ. ನಾವು ಮಗಳಿಗೆ 'ಬಾರಮ್ಮ', ಮಗನಿಗೆ 'ಯಾಕಪ್ಪ' ಅನ್ನುವ ಹಾಗೆ. ಅವರ ಹಬರ್‌ಯರ್ ಅನ್ನುವ ಪದವನ್ನು ಬಿಡಿಸಿದರೆ ನಮ್ಮ ಚಿಕ್ಕಮ್ಮನೇ ಸಿಗುತ್ತಾಳೆ. ಅಪ್ಪನ ತಮ್ಮ ಅದೇರ್, ಅಮ್ಮನ ತಮ್ಮ ಅಬ್ತಿ. ಶಾಲೆಯಲ್ಲಿ ಇಬ್ಬರೂ ಅಂಕಲ್. ಆರು ವರ್ಷದ ಹುಡುಗಿಗೆ ಆ ವ್ಯತ್ಯಾಸ ಉಳಿದದ್ದು ಈ ಕ್ಯಾಸೆಟ್ಟುಗಳಿಂದ.

ಇನ್ನೊಂದು ದನಿ ಬಿಬಿಸಿ ಸೊಮಾಲಿ ರೇಡಿಯೊದ್ದು. ಅದು 1957ರಿಂದ ಇದೆ. ಯುದ್ಧ ಶುರುವಾದ ಮೇಲೆ ರೆಡ್ ಕ್ರಾಸ್ ಜೊತೆ ಸೇರಿ ಕಾಣೆಯಾದವರ ಹೆಸರುಗಳನ್ನು ಅದರಲ್ಲಿ ಓದುತ್ತಿದ್ದರು. ಸೊಮಾಲಿ ಹೆಸರೆಂದರೆ ತನ್ನ ಹೆಸರು, ಅಪ್ಪನ ಹೆಸರು, ತಾತನ ಹೆಸರು. ಮೊದಲ ಹೆಸರು ಹೊಂದಿದರೆ ಅಮ್ಮ ಉಸಿರು ಬಿಗಿಹಿಡಿಯುತ್ತಿದ್ದರಂತೆ. ಎರಡನೆಯದೂ ಹೊಂದಿದರೆ ಎದ್ದು ನಿಲ್ಲುತ್ತಿದ್ದರಂತೆ. ಮೂರನೆಯದು ಬೇರೆ ಬಂದಾಗ ಸುಮ್ನೆ ಕೂತು ಚಹಾ ಬಗ್ಗಿಸುತ್ತಿದ್ದರಂತೆ.

ಈಗ ಆ ಮಕ್ಕಳಿಗೆ ನಲವತ್ತು ದಾಟಿದೆ. ಒಟ್ಟಿಗೆ ಸೇರಿದರೆ ಆ ಕಾಲದ ಮಾತೇ ಮಾತು. ಶನಿವಾರದ ದುಗ್ಸಿಯಲ್ಲಿ ಕುರಾನ್ ಬಾಯಿಪಾಠ, ಬೆಳಿಗ್ಗೆ ಚಹಾ ಸುರಿದುಕೊಂಡು ತಿಂದ, ನಮ್ಮ ದೋಸೆಯಂಥ ಅಂಜೇರೊ, ಅನ್ನದ ಜೊತೆಗಿನ ಬಾಳೆಹಣ್ಣು, ವಿಸಿಆರ್‌ನಲ್ಲಿ ನೋಡಿದ ಹಿಂದಿ ಸಿನಿಮಾ. 'ಊರಿಗೆ ಹೋಗಬೇಕು ಅನ್ನಿಸುತ್ತದಾ?' ಅಂತ ನಾನು ಕೇಳಿದೆ. ಊರು ಅಂದರೆ ಹರ್ಗೇಸಾ ಅಂತ ನನ್ನ ಲೆಕ್ಕ. ಗೆಳತಿ ಹೇಳಿದ್ದು ಬೇರೆ. 'ಅಮ್ಮ ನೆನೆಸಿಕೊಂಡು ಅತ್ತದ್ದು ಹರ್ಗೇಸಾವನ್ನು. ನನಗೆ ಬೇಕಾಗಿರುವುದು ಅಮ್ಮ ಕೂತು ಅಳುತ್ತಿದ್ದ ಆ ಹಾಲ್.'

ಈ ಮಾತನ್ನು ನಾವು, ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು, ಸ್ವಲ್ಪ ನಿಂತು ಕೇಳಿಸಿಕೊಳ್ಳಬೇಕು ಅಂತ ನನ್ನ ಆಸೆ. ನಮ್ಮ ಊರಿನ ಕಥೆ ಮಕ್ಕಳಿಗೆ ಹಿಡಿಸಲಿಲ್ಲ ಅಂತ ನಾವು ಕೊರಗುತ್ತೇವೆ. ಅವರು ಕಥೆಯನ್ನಲ್ಲ, ಕಥೆ ಹೇಳುವವರ ಮುಖವನ್ನು ನೋಡುತ್ತಾ ಕೂತಿರಬಹುದು.

ಹರ್ಗೇಸಾದಲ್ಲಿ ಬಾಂಬ್ ಬೀಳುವ ಹೊತ್ತಿಗೆ ರೇಡಿಯೊದವರು ಟೇಪುಗಳನ್ನು ಮಣ್ಣಲ್ಲಿ ಹೂತಿಟ್ಟಿದ್ದರು. ಈಗ ಅಲ್ಲಿನ ಸಾಂಸ್ಕೃತಿಕ ಕೇಂದ್ರದಲ್ಲಿ ಸಾವಿರಾರು ಕ್ಯಾಸೆಟ್ ಕಾಪಾಡಿದ್ದಾರೆ. ಈ ಕ್ಯಾಸೆಟ್ ಮಾತ್ರ ಡಿಕ್ಸನ್ ರಸ್ತೆಯ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬದಲ್ಲಿತ್ತು.

ಕೊನೆಯ ಎರಡು ನಿಮಿಷ ಕೇಳಿಸುತ್ತೇನೆ. ಮಾತು ಮುಗಿದಿದೆ, ಆದರೆ ಯಾರೂ ಟೇಪ್ ನಿಲ್ಲಿಸಿಲ್ಲ. ಒಂದು ಮೇಕೆ ಕೂಗುತ್ತದೆ. ಯಾರೋ ಪಾತ್ರೆ ಇಡುತ್ತಾರೆ. ಆಮೇಲೆ ಅಜ್ಜಿ ಪಕ್ಕದವರನ್ನು ಕೇಳುತ್ತಾರೆ, 'ಇನ್ನೂ ಜಾಗ ಇದೆಯಾ?' ಅಂತ. ಗೆಳತಿ ಚಿಕ್ಕವಳಿದ್ದಾಗ ಬರೀ ಇದನ್ನು ಕೇಳುವುದಕ್ಕೆ ಟೇಪನ್ನು ಹಿಂದಕ್ಕೆ ತಿರುಗಿಸುತ್ತಿದ್ದರಂತೆ.