ಮಗುವಿನ ಕಣ್ಣು, ನಮ್ಮ ನೋಟ

ಕೇಳುಗರಿಗೆ ನಮಸ್ಕಾರ.

ನನ್ನ ಮಗನಿಗೆ ಆಗ ಆರು ವರ್ಷ. ಒಂದು ಸಂಜೆ ಟಿವಿ ಮುಂದೆ ಕೂತಿದ್ದವನು ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿ ತೆರೆದ. ಮತ್ತೆ ಮುಚ್ಚಿದ, ಮತ್ತೆ ತೆರೆದ. ಏನೋ ಬಿದ್ದಿರಬೇಕು ಎಂದುಕೊಂಡು ತಣ್ಣೀರಿನಲ್ಲಿ ಕಣ್ಣು ತೊಳೆದೆ. ಮಲಗುವ ಹೊತ್ತಿಗೂ ಅದು ನಿಂತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಕಣ್ಣಿನ ಜೊತೆಗೆ ಬಲಭುಜವೂ ಎಗರತೊಡಗಿತು. ಅದರ ಮುಂದಿನ ವಾರ ಗಂಟಲಿನಿಂದ ಒಂದು ಸಣ್ಣ 'ಹ್ಞುಂ'. ಮಾತಿನ ನಡುವೆ, ಓದಿನ ನಡುವೆ, ಸುಮ್ಮನೆ ಕೂತಿದ್ದಾಗಲೂ.

ಆ ದಿನಗಳಲ್ಲಿ ನಾವು ಏನು ಮಾಡಿದೆವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇದನ್ನು ಕೇಳುತ್ತಿರುವ ಯಾವುದೋ ಮನೆಯಲ್ಲಿ ಈಗ ಅದೇ ನಡೆಯುತ್ತಿರಬಹುದು. ನಾನು ಎಣಿಸತೊಡಗಿದೆ. ಒಂದು ಊಟ ಮುಗಿಯುವುದರೊಳಗೆ ಎಷ್ಟು ಸಲ ಕಣ್ಣು ಮಿಟುಕಿಸಿದ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ. ಅವರಪ್ಪ, "ಒಂದು ಗಂಟೆ ಹಾಗೆ ಮಾಡದೆ ಇದ್ದರೆ ಸೈಕಲ್ ಕೊಡಿಸ್ತೀನಿ" ಅಂದರು. ನಮ್ಮತ್ತೆ, "ಇದೊಂದು ಚಾಳಿ, ಗಟ್ಟಿಯಾಗಿ ಒಂದು ಸಲ ಗದರಿ, ತಾನೇ ಬಿಡುತ್ತಾನೆ" ಅಂದರು. ಮೂರೂ ಮಾಡಿ ನೋಡಿದೆವು. ಎಣಿಸಿದಷ್ಟೂ ಹೆಚ್ಚಾಯಿತು, ಗದರಿದಷ್ಟೂ ಹೆಚ್ಚಾಯಿತು, ಸೈಕಲ್ಲಿನ ಆಸೆಗಂತೂ ಪಾಪ, ಹಲ್ಲು ಕಚ್ಚಿ ಹತ್ತು ನಿಮಿಷ ಕೂತು ಕೊನೆಗೆ ಅತ್ತುಬಿಟ್ಟ.

ಆಮೇಲೆ ಅವನು ಊಟದ ಮಧ್ಯೆ ಎದ್ದು ಬಚ್ಚಲಿಗೆ ಹೋಗುವುದು ಶುರುವಾಯಿತು. ಹೊಟ್ಟೆ ಕೆಟ್ಟಿದೆಯೇನೋ ಎಂದು ಒಂದು ದಿನ ಹಿಂದೆಯೇ ಹೋದೆ. ಬಾಗಿಲ ಸಂದಿಯಲ್ಲಿ ಕಂಡೆ. ಗೋಡೆಗೆ ಮುಖ ಮಾಡಿ ನಿಂತು, ಕಣ್ಣು, ಭುಜ, ಗಂಟಲು ಎಲ್ಲವನ್ನೂ ಒಂದರ ಮೇಲೊಂದು ಮಾಡಿ ಮುಗಿಸುತ್ತಿದ್ದ. ಇಷ್ಟು ಹೊತ್ತು ಹಿಡಿದಿಟ್ಟದ್ದನ್ನೆಲ್ಲ ಅಲ್ಲಿ ಸುರಿಯುತ್ತಿದ್ದ. ನನ್ನನ್ನು ಕಂಡವನು ಬೆಚ್ಚಿ, "ಅಮ್ಮಾ, ಇಲ್ಲಿ ಯಾರೂ ನೋಡಲ್ಲ ಅಂತ ಬಂದೆ" ಅಂದ.

ಆ ಮಾತು ನನ್ನನ್ನು ಅಲ್ಲೇ ನಿಲ್ಲಿಸಿತು. ಅವನಿಗೆ ಕಣ್ಣು ಮಿಟುಕಿಸುವುದರಿಂದ ನೋವಿರಲಿಲ್ಲ, ಆಟಕ್ಕೆ ಅಡ್ಡಿಯಿರಲಿಲ್ಲ. ಅವನಿಗೆ ಭಾರವಾಗಿದ್ದದ್ದು ನಾವು, ನಮ್ಮ ಕಣ್ಣುಗಳು. ಈ ಹೊತ್ತು ನಾನು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಇದನ್ನೇ.

ಮಕ್ಕಳ ವೈದ್ಯರು ಮೊದಲು ಅವನ ಜೊತೆ ಆಟದ ಮಾತಾಡಿದರು, ಆಮೇಲೆ ನಮ್ಮ ಜೊತೆ. ಜ್ವರ ಬಂದಿತ್ತೇ, ನಿದ್ದೆ ಹೇಗಿದೆ, ಮನೆತನದಲ್ಲಿ ಬೇರೆ ಯಾರಿಗಾದರೂ ಇಂಥದ್ದಿತ್ತೇ, ಕರೆದರೆ ಓಗೊಡುತ್ತಾನೆಯೇ ಎಂದೆಲ್ಲ ಕೇಳಿದರು. ಕಣ್ಣಿನ ಅಲರ್ಜಿ, ದೃಷ್ಟಿದೋಷ ಇಲ್ಲವೆಂದು ಖಚಿತ ಮಾಡಿಕೊಂಡರು. ಕೊನೆಗೆ, "ಇದಕ್ಕೆ ಟಿಕ್ ಅಂತಾರೆ" ಎಂದರು.

ಟಿಕ್ ಎಂದರೆ ತಟ್ಟನೆ, ಕ್ಷಣಮಾತ್ರಕ್ಕೆ, ಮತ್ತೆಮತ್ತೆ ಬರುವ ಒಂದು ಚಲನೆ ಅಥವಾ ಸದ್ದು. ಕಣ್ಣು ಮಿಟುಕಿಸುವುದು, ಮೂಗು ಸೊಟ್ಟ ಮಾಡುವುದು, ಕತ್ತು ಕೊಂಕಿಸುವುದು, ಗಂಟಲು ಸರಿಮಾಡಿಕೊಳ್ಳುವುದು, ಮೂಗು ಸೇದುವುದು. ಮಗು ಬೇಕೆಂದು ಮಾಡುವುದಲ್ಲ, ಹಾಗೆಂದು ಪೂರ್ತಿ ತಿಳಿಯದೆ ಆಗುವುದೂ ಅಲ್ಲ. ಸೀನಿನ ಹಾಗೆ. ಸೀನನ್ನು ಸ್ವಲ್ಪ ಹೊತ್ತು ತಡೆಯಬಹುದು, ಆದರೆ ತಡೆಯುವಾಗ ಬೇರೆ ಯಾವುದರ ಮೇಲೂ ಮನಸ್ಸಿಡಲು ಆಗುವುದಿಲ್ಲ, ಕೊನೆಗೆ ಬಂದೇ ಬರುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ಟಿಕ್‌ಗೆ ಮುಂಚೆ ಆ ಜಾಗದಲ್ಲಿ ತುರಿಕೆಯಂಥ, ಬಿಗಿತದಂಥ ಒಂದು ಅನುಭವ ಬರುತ್ತದೆ ಎನ್ನುತ್ತಾರೆ. ಆರು ವರ್ಷದ ಮಗುವಿಗೆ ಅದನ್ನು ಗುರುತಿಸಿ ಹೇಳಲು ಸಾಮಾನ್ಯವಾಗಿ ಬರುವುದಿಲ್ಲ. "ಯಾಕೆ ಹಾಗೆ ಮಾಡ್ತೀಯ?" ಎಂದರೆ ಅದು ಮಿಕಿಮಿಕಿ ನೋಡುತ್ತದೆ ಅಷ್ಟೆ, ಯಾಕೆಂದರೆ ಅದಕ್ಕೆ ನಿಜವಾಗಿಯೂ ಗೊತ್ತಿಲ್ಲ.

ನಮ್ಮತ್ತೆಗೆ ಮನವರಿಕೆಯಾದದ್ದೂ ಈ ಸೀನಿನ ಹೋಲಿಕೆಯಿಂದಲೇ. "ಅತ್ತೆ, ಸೀನುವ ಮಗುವನ್ನು ಗದರಿಸಿದರೆ ನೆಗಡಿ ಹೋಗುತ್ತದೆಯೇ?" ಎಂದು ಕೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಅಂದಿನಿಂದ ಮೊಮ್ಮಗನ ಪರ ವಕೀಲರು ಅವರೇ. ಚಿಕ್ಕಪ್ಪನ ಮಕ್ಕಳು ಬಂದು ಅಣಕಿಸಿದಾಗ ಎಲ್ಲರಿಗಿಂತ ಮೊದಲು ಅಡ್ಡ ನಿಂತವರೂ ಅವರೇ.

ಇದು ಅಪರೂಪದ ವಿಷಯವೂ ಅಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ 5 ಮಕ್ಕಳಲ್ಲಿ ಹೆಚ್ಚೆಂದರೆ ಒಬ್ಬರಿಗೆ ಯಾವುದೋ ಒಂದು ಕಾಲದಲ್ಲಿ ಟಿಕ್ ಬಂದು ಹೋಗುತ್ತದೆ ಎಂಬುದು ವೈದ್ಯರ ಅಂದಾಜು. ಹೆಚ್ಚಾಗಿ ಶುರುವಾಗುವುದು 4ರಿಂದ 6 ವರ್ಷದೊಳಗೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಶುರುವಾಗಿ ಒಂದು ವರ್ಷ ದಾಟದಿದ್ದರೆ ಅದನ್ನು ತಾತ್ಕಾಲಿಕ ಎಂದೇ ಪರಿಗಣಿಸುತ್ತಾರೆ. ಹಲವು ಬಗೆಯ ಚಲನೆಗಳೂ ಕನಿಷ್ಠ ಒಂದು ಬಗೆಯ ಸದ್ದೂ ಕಾಣಿಸಿಕೊಂಡು, ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಟೂರೆಟ್ ಸಿಂಡ್ರೋಮ್ ಎಂಬ ಹೆಸರು ಬರುತ್ತದೆ. ಅದು ನೂರಕ್ಕೆ ಒಂದು ಮಗುವಿಗೆ, ಅಥವಾ ಅದಕ್ಕಿಂತಲೂ ಕಡಿಮೆ.

ಟೂರೆಟ್ ಎಂಬ ಹೆಸರು ಕೇಳಿದ ಕೂಡಲೇ ಜನ ಬೈಗುಳ ನೆನೆಸಿಕೊಳ್ಳುತ್ತಾರೆ, ತಡೆಯಲಾಗದೆ ಕೆಟ್ಟ ಮಾತು ಉದುರಿಸುವವರು ಎಂದು. ಸಿನಿಮಾದವರು ತುಂಬಿದ ಕಲ್ಪನೆ ಅದು. ಟೂರೆಟ್ ಇರುವವರಲ್ಲೂ ಹೆಚ್ಚಿನವರಿಗೆ ಹಾಗಾಗುವುದಿಲ್ಲ. ಪ್ಯಾರಿಸ್ಸಿನ ವೈದ್ಯ ಜಾರ್ಜ್ ಜಿಲ್ ದ ಲ ಟೂರೆಟ್ 1885ರಲ್ಲಿ 9 ರೋಗಿಗಳ ಬಗ್ಗೆ ಬರೆದ, ಅವನ ಹೆಸರು ಉಳಿಯಿತು. ಆದರೆ ಆಮೇಲೆ ಬಂದ ಬಹಳ ಮಂದಿ ವೈದ್ಯರು ಇದನ್ನು ಮನಸ್ಸಿನ ಒಳಗುದಿ ಎಂದರು, ಮಗುವನ್ನು ಬೆಳೆಸಿದ ರೀತಿಯ ದೋಷ ಎಂದರು. ಎಷ್ಟು ತಾಯಂದಿರು ಆ ಮಾತನ್ನು ಹೊತ್ತುಕೊಂಡು ಬದುಕಿದರೋ. ಈಗ ತಿಳಿದಿರುವುದು ಇಷ್ಟು: ನಮ್ಮ ಚಲನೆಗಳಲ್ಲಿ ಯಾವುದು ಹೊರಬರಬೇಕು, ಯಾವುದು ಬೇಡ ಎಂದು ಸೋಸುವ ಕೆಲಸ ಮಿದುಳಿನ ಆಳದ ಭಾಗಗಳಿಗೂ ಮೇಲ್ಪದರಕ್ಕೂ ನಡುವೆ ಸುತ್ತುವ ನರಜಾಲದ್ದು. ಟಿಕ್ ಇರುವವರಲ್ಲಿ ಆ ಸೋಸುವಿಕೆ ಸ್ವಲ್ಪ ಸಡಿಲ. ವಂಶವಾಹಿಗಳ ಪಾತ್ರ ದೊಡ್ಡದು. ನೀವು ಬೈದದ್ದರಿಂದ ಅದು ಹುಟ್ಟಲಿಲ್ಲ. ತಂಗಿ ಹುಟ್ಟಿದ್ದರಿಂದಲೂ ಅಲ್ಲ, ಶಾಲೆ ಬದಲಿಸಿದ್ದರಿಂದಲೂ ಅಲ್ಲ. ಆತಂಕ, ದಣಿವು, ಅತಿಯಾದ ಉತ್ಸಾಹ, ಕಾಯಿಲೆ ಇವು ಇರುವ ಟಿಕ್ಕನ್ನು ಹೆಚ್ಚಿಸುತ್ತವೆ. ಹುಟ್ಟುಹಾಕುವುದು ಬೇರೆ ಮಾತು.

ಅಪ್ಪಅಮ್ಮಂದಿರು "ಇದ್ದಕ್ಕಿದ್ದಂತೆ ಶುರುವಾಯಿತು" ಎಂದೇ ಹೇಳುತ್ತಾರೆ. ನಾನೂ ಹಾಗೇ ಹೇಳಿದ್ದೆ. ವೈದ್ಯರು ಕೆದಕಿ ಕೇಳಿದಾಗ ನೆನಪಾಯಿತು, ಹಿಂದಿನ ವರ್ಷ ಒಂದೆರಡು ತಿಂಗಳು ಇವನು ಮೂಗು ಸೇದುತ್ತಿದ್ದ, ನೆಗಡಿಯಿಲ್ಲದೆಯೂ. ನಾವು ನೆಗಡಿ ಎಂದೇ ತಿಳಿದಿದ್ದೆವು.

ಕೆಲವು ಸಂದರ್ಭಗಳಲ್ಲಿ ಮಾತ್ರ ತಡಮಾಡಬಾರದು. ಮಗು ನೋಟವನ್ನು ಒಂದೆಡೆ ನೆಟ್ಟು, ಕರೆದರೂ ಮುಟ್ಟಿದರೂ ಅರಿವಿಲ್ಲದೆ ಕೆಲವು ಕ್ಷಣ ಇದ್ದುಬಿಟ್ಟರೆ ಅದು ಟಿಕ್ ಅಲ್ಲ, ಅಪಸ್ಮಾರದ ಒಂದು ಬಗೆ ಇರಬಹುದು, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆ ಬೇಕಾಗಬಹುದು. ನಡಿಗೆ ತಪ್ಪಿದರೆ, ಕೈಯಲ್ಲಿ ಬಲ ಕುಂದಿದರೆ, ಕೈಕಾಲುಗಳು ನಿಲ್ಲದೆ ಕುಣಿದಂತೆ ಆಡಿದರೆ, ಕಲಿತ ಮಾತು ಮರೆಯತೊಡಗಿದರೆ ಅಂದೇ ವೈದ್ಯರಿಗೆ ತೋರಿಸಿ. ಇನ್ನೊಂದಿದೆ. ಒಂದೆರಡು ದಿನದೊಳಗೆ ಮಗು ಬೇರೆಯೇ ಮಗುವಾದಂತೆ, ವಿಪರೀತ ಭಯ, ಕೈ ತೊಳೆದಷ್ಟೂ ಸಾಲದೆನ್ನುವುದು, ಊಟವನ್ನೇ ನಿರಾಕರಿಸುವುದು, ಜೊತೆಗೆ ಟಿಕ್. ಗಂಟಲ ಸೋಂಕು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ನಂತರ ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ ಎಂದು ಅಮೆರಿಕದ ಸೂಸನ್ ಸ್ವೀಡೊ ಮತ್ತು ಅವರ ತಂಡ 1998ರಲ್ಲಿ 50 ಮಕ್ಕಳ ವಿವರದೊಂದಿಗೆ ಬರೆದರು. ಪ್ಯಾಂಡಾಸ್ ಎಂದು ಅದರ ಹೆಸರು. ಇದರ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಬರೀ ಕಣ್ಣು ಮಿಟುಕಿಸುವ, ಉಳಿದಂತೆ ಉಂಡುಟ್ಟು ಆಡಿಕೊಂಡಿರುವ ಮಗುವಿಗೆ ಈ ಹೆಸರು ಹಚ್ಚಿ ನಿದ್ದೆಗೆಡಬೇಡಿ. ನಾನು ಕೆಟ್ಟಿದ್ದೇನೆ, ಹದಿನಾರು ರಾತ್ರಿ.

ವೈದ್ಯರ ಬಳಿ ಹೋಗುವಾಗ ಒಂದು ಸಣ್ಣ ವಿಡಿಯೊ ಒಯ್ಯಿರಿ, ಯಾಕೆಂದರೆ ಹೊಸಬರ ಮುಂದೆ ಮಗು ಟಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಗುವಿಗೆ ಕಾಣದಂತೆ, ಒಂದೇ ಒಂದು ಸಲ. ದಿನವೂ ಚಿತ್ರೀಕರಿಸಬೇಡಿ.

ಇನ್ನು ಮನೆಯ ವಿಷಯ. ನೋಡದೆ ಇರುವುದು ಎಂದರೆ ಏನು? ಹೇಳುವಷ್ಟು ಸುಲಭವಲ್ಲ ಅದು. ಮೊದಮೊದಲು ನಾನು ಮುಖ ತಿರುಗಿಸುತ್ತಿದ್ದೆ, ಅದೂ ಅವನಿಗೆ ತಿಳಿಯುತ್ತಿತ್ತು. ಮಾತಿನ ಮಧ್ಯೆ ಅವನ ಭುಜ ಎಗರಿದರೆ ನನ್ನ ಮಾತು ಅರೆಕ್ಷಣ ತಡೆಯುತ್ತಿತ್ತು, ಆ ಅರೆಕ್ಷಣವನ್ನೂ ಅವನು ಕೇಳಿಸಿಕೊಳ್ಳುತ್ತಿದ್ದ. ಮಕ್ಕಳಿಗೆ ತಾಯಿಯ ಉಸಿರಿನ ಲೆಕ್ಕವೂ ಗೊತ್ತಿರುತ್ತದೆ. ಟಿಕ್ ಬಂದಾಗ ಹೇಳುತ್ತಿದ್ದ ವಾಕ್ಯವನ್ನು ನಿಲ್ಲಿಸದೆ ಮುಗಿಸಬೇಕು, ಅಷ್ಟೆ. ಅದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಟಿಕ್ ಇಲ್ಲದ ದಿನ ಹೊಗಳುವುದನ್ನೂ ಬಿಟ್ಟೆವು. "ಇವತ್ತು ಒಂದು ಸಲಾನೂ ಮಾಡಲಿಲ್ಲ, ಜಾಣ" ಎಂದರೆ ನಾಳೆ ಮಾಡುವವನು ದಡ್ಡ ಎಂದಾಯಿತಲ್ಲ. ಸೈಕಲ್ ಕೊಡಿಸಿದೆವು, ಹುಟ್ಟುಹಬ್ಬಕ್ಕೆ, ಯಾವ ಷರತ್ತೂ ಇಲ್ಲದೆ.

ಹಾಗೆಂದು ಆ ವಿಷಯ ಎತ್ತಲೇಬಾರದು ಎಂದಲ್ಲ. ಮುಚ್ಚಿಟ್ಟರೆ ಅದು ಭೂತವಾಗುತ್ತದೆ. ಒಂದು ರಾತ್ರಿ ಮಲಗಿಸುವಾಗ, "ನಿನ್ನ ಕಣ್ಣು, ಭುಜ ಹಾಗೆ ಕುಣಿಯೋದಕ್ಕೆ ಟಿಕ್ ಅಂತ ಹೆಸರು, ತುಂಬಾ ಮಕ್ಕಳಿಗೆ ಇರುತ್ತೆ, ನೀನೇನೂ ತಪ್ಪು ಮಾಡ್ತಿಲ್ಲ" ಎಂದೆ. "ಅದಕ್ಕೆ ಹೆಸರೂ ಇದೆಯಾ?" ಎಂದು ಕೇಳಿ, ಮಗ್ಗುಲು ಬದಲಿಸಿ ಮಲಗಿಬಿಟ್ಟ. ಅಷ್ಟು ದಿನ ಹೆಸರಿಲ್ಲದ್ದನ್ನು ಒಬ್ಬನೇ ಹೊತ್ತಿದ್ದನಲ್ಲ ಎಂದು ನನಗೇ ನಿದ್ದೆ ಬರಲಿಲ್ಲ.

ಶಾಲೆಯಲ್ಲಿ ಅವನ ಟೀಚರನ್ನು ಕಂಡು ಮೂರು ಮಾತು ಕೇಳಿಕೊಂಡೆ. ತರಗತಿಯಲ್ಲಿ ಅದನ್ನು ಎತ್ತಿ ಆಡಬೇಡಿ. ಎಲ್ಲರ ಕಣ್ಣಿಗೆ ಬೀಳುವ ಮುಂದಿನ ಬೆಂಚಿನಿಂದ ಪಕ್ಕಕ್ಕೆ ಕೂರಿಸಿ. ಬೇಕೆನಿಸಿದಾಗ ಹೊರಗೆ ಹೋಗಿ ಬರಲು ಬಿಡಿ. ಅವರು ಒಪ್ಪಿದರು, ನಾನು ಕೇಳದ ಇನ್ನೊಂದನ್ನೂ ಮಾಡಿದರು. ಗಟ್ಟಿಯಾಗಿ ಓದುವ ಸರದಿ ಬಂದಾಗ ಅವನ ಗಂಟಲು ಸದ್ದು ಮಾಡಿದರೆ, ಪುಟದ ಮೇಲೆ ಬೆರಳಿಟ್ಟು ಮುಂದಿನ ಸಾಲು ತೋರಿಸುತ್ತಿದ್ದರಂತೆ. ಮಕ್ಕಳು ಎರಡು ವಾರ ನೋಡಿ ಮರೆತರು.

ಚಿಕಿತ್ಸೆ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮಗುವಿಗೆ ನೋವಾಗದೆ, ಓದಿಗೆ, ಗೆಳೆತನಕ್ಕೆ ತೊಡಕಾಗದೆ ಇದ್ದರೆ ಕಾದು ನೋಡುವುದೇ ಸರಿಯಾದ ದಾರಿ. ಅಮೆರಿಕದ ನರವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯೂ ಅದನ್ನು ಒಪ್ಪುತ್ತದೆ. ತೊಡಕಾಗುತ್ತಿದ್ದರೆ ಮೊದಲು ಮಾತ್ರೆಯಲ್ಲ, ತರಬೇತಿ. ಸಿಬಿಐಟಿ ಎಂದು ಕರೆಯುತ್ತಾರೆ. ಟಿಕ್ ಬರುವ ಮುನ್ಸೂಚನೆಯನ್ನು ಗುರುತಿಸಿ, ಅದರ ಜೊತೆ ಒಟ್ಟಿಗೆ ಆಗಲಾರದ ಬೇರೊಂದು ಚಲನೆಯನ್ನು ಮಾಡುವುದು. ಭುಜ ಎಗರುವ ಮುಂಚೆ ಮೊಣಕೈಯನ್ನು ಪಕ್ಕೆಗೆ ಮೆಲ್ಲಗೆ ಒತ್ತಿ ಹಿಡಿಯುವುದು, ಗಂಟಲಿನ ಸದ್ದಿಗೆ ಮುಂಚೆ ಮೂಗಿನಿಂದ ನಿಧಾನವಾಗಿ ಉಸಿರಾಡುವುದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 9ರಿಂದ 17 ವರ್ಷದ 126 ಮಕ್ಕಳಿದ್ದರು. ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಚೆನ್ನಾಗಿ ಸುಧಾರಿಸಿದರು, ಬರೀ ಸಮಾಧಾನದ ಮಾತು ಮತ್ತು ಮಾಹಿತಿ ಪಡೆದವರಲ್ಲಿ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಇದನ್ನು "ನಿಲ್ಲಿಸು" ಎನ್ನುವ ನಮ್ಮ ಗದರಿಕೆಯ ಜೊತೆ ಬೆರೆಸಬೇಡಿ. ಇದು ಮಗು ತಾನೇ ಬೇಕೆಂದು, ತಿಳಿದವರಿಂದ ಕಲಿಯುವ ವಿದ್ಯೆ. ಅದೂ ಸಾಲದಿದ್ದಾಗ ಕ್ಲೋನಿಡಿನ್‌ನಂಥ ಔಷಧಗಳಿವೆ, ಅವುಗಳ ಲಾಭ ನಷ್ಟವನ್ನು ತೂಗಬೇಕಾದವರು ವೈದ್ಯರು. ಒಂದು ಎಚ್ಚರಿಕೆ ಮಾತ್ರ ಇರಲಿ: ಟಿಕ್ ಉಳಿದುಬಿಡುವ ಮಕ್ಕಳಲ್ಲಿ ಬಹಳ ಮಂದಿಗೆ ಗಮನದ ತೊಂದರೆಯೋ ಗೀಳು ಆತಂಕವೋ ಜೊತೆಗಿರುತ್ತದೆ. ಎಷ್ಟೋ ಸಲ ಮಗುವನ್ನು ಹೆಚ್ಚು ಕಾಡುವುದು ಅದೇ. ಟಿಕ್ಕನ್ನೇ ನೋಡುತ್ತಾ ಕೂತರೆ ಅದು ಕಣ್ಣು ತಪ್ಪುತ್ತದೆ.

ಟಿಕ್ ಏರಿಳಿಯುತ್ತದೆ. ಒಂದು ಹೋದರೆ ಇನ್ನೊಂದು ಬರಬಹುದು, ತಿಂಗಳುಗಟ್ಟಲೆ ಏನೂ ಇಲ್ಲದೆ ಮತ್ತೆ ಮರಳಬಹುದು. ಮರಳಿದಾಗ ಎದೆ ಕುಸಿಯುತ್ತದೆ, ಅದು ಸಹಜ. ಹೆಚ್ಚಿನವರಲ್ಲಿ 10ರಿಂದ 12ನೆಯ ವಯಸ್ಸಿಗೆ ಅತಿ ಜೋರಾಗಿದ್ದು, ಹದಿಹರೆಯ ಮುಗಿಯುವ ಹೊತ್ತಿಗೆ ಬಹಳಷ್ಟು ಇಳಿಯುತ್ತದೆ. ಇಳಿಯದೆ ಉಳಿದವರೂ ಬಾಳಿದ್ದಾರೆ. ಅಮೆರಿಕದ ಫುಟ್‌ಬಾಲ್ ಗೋಲ್‌ಕೀಪರ್ ಟಿಮ್ ಹೊವರ್ಡ್ ಬಾಲ್ಯದಿಂದ ಟೂರೆಟ್ ಇಟ್ಟುಕೊಂಡೇ 2014ರ ವಿಶ್ವಕಪ್ಪಿನಲ್ಲಿ ಗೋಲು ಕಾದವರು.

ನನ್ನ ಮಗನಿಗೆ ಈಗ ಒಂಬತ್ತು. ಗಂಟಲಿನ ಸದ್ದು ಹೋಗಿ ವರ್ಷವಾಯಿತು. ಕಣ್ಣಿನದು ಪರೀಕ್ಷೆ ಹತ್ತಿರ ಬಂದಾಗ ಬರುತ್ತದೆ. ಭುಜದ್ದು ಇದೆ. ಕಳೆದ ವಾರ ಪಕ್ಕದ ಮನೆಯ ಹುಡುಗಿ, "ನಿನ್ನ ಭುಜ ಯಾಕೆ ಹಾಗೆ?" ಎಂದಳು. "ಅದು ಟಿಕ್, ಅದರಷ್ಟಕ್ಕೆ ಬರುತ್ತೆ. ಈಗ ನಿನ್ನ ಸರದಿ, ಚೆಂಡು ಹಾಕು" ಎಂದ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಹೊರಗೆ ಬರಲಿಲ್ಲ.