ಮಗಳು ಬರೆದ ಅಮ್ಮ

ಕೇಳುಗರಿಗೆಲ್ಲ ನಮಸ್ಕಾರ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಈಗಷ್ಟೇ ಕಾಲು ಚಾಚಿ ಕೂತಿರುವ ಅಕ್ಕಂದಿರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ.

ತಾಯಿ-ಮಗಳ ಸಂಬಂಧದ ಪುಸ್ತಕಗಳ ಬಗ್ಗೆ ಮಾತಾಡಿ ಅಂದರು. ನಾನು ಹೇಳಬೇಕಾದ್ದು ಒಂದೇ ಮಾತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮಧ್ಯೆ ಕುಕ್ಕರ್ ಕೂಗಿ ನೀವು ಎದ್ದುಹೋದರೂ ನಷ್ಟವಿಲ್ಲ. ಮಗ ಬರೆದ ಅಮ್ಮನನ್ನು ನಾವು ಬೇಕಾದಷ್ಟು ಓದಿದ್ದೇವೆ. ಇನ್ನು ಮಗಳು ಬರೆದ ಅಮ್ಮನನ್ನು ಓದಿ.

ಮಗ ಬರೆದಾಗ ಅಮ್ಮ ಒಲೆ ಮುಂದೆ ಇರುತ್ತಾಳೆ, ಇಲ್ಲವೇ ಬಾಗಿಲಲ್ಲಿ ಕಾಯುತ್ತಿರುತ್ತಾಳೆ. ತಾನು ಉಪವಾಸವಿದ್ದು ಮಗನಿಗೆ ಬಡಿಸಿರುತ್ತಾಳೆ. ಮಗ ಓದಿ, ಊರು ಬಿಟ್ಟು, ಅವಳು ಹೋದಮೇಲೆ ಕಣ್ಣೊರೆಸಿಕೊಂಡು ಬರೆಯುತ್ತಾನೆ. ಚೆನ್ನಾಗಿಯೇ ಬರೆಯುತ್ತಾನೆ, ನಾವೂ ಅಳುತ್ತೇವೆ. ಮಗಳಿಗೆ ಆ ಅನುಕೂಲವಿಲ್ಲ. ಅವಳು ಅದೇ ಅಡುಗೆಮನೆಯಲ್ಲಿ ಪಕ್ಕದಲ್ಲೇ ಕೂತು ಸೊಪ್ಪು ಸೋಸಿದವಳು. ಅಮ್ಮ ಯಾರ ಮೇಲಿನ ಸಿಟ್ಟನ್ನು ಯಾವ ಪಾತ್ರೆಯ ಮೇಲೆ ತೀರಿಸಿಕೊಂಡಳು, ಅಣ್ಣನ ಅನ್ನಕ್ಕೆ ಎಷ್ಟು ತುಪ್ಪ ಬಿತ್ತು, ತನ್ನದಕ್ಕೆ ಎಷ್ಟು ಬಿತ್ತು, ಎಲ್ಲ ಲೆಕ್ಕ ಅವಳ ಹತ್ತಿರ ಇದೆ.

"ಮೇಡಮ್, ಲಂಕೇಶರ 'ಅವ್ವ' ಪದ್ಯ ಮರೆತಿರಾ?" ಅಂತ ನನ್ನ ಹಳೆಯ ವಿದ್ಯಾರ್ಥಿಗಳು ಸಂಜೆ ಫೋನ್ ಮಾಡುತ್ತಾರೆ, ಗೊತ್ತು. ಮರೆತಿಲ್ಲ. ಅವರು ಅವ್ವನನ್ನು ದೇವತೆ ಮಾಡಲಿಲ್ಲ, ಬನದ ಕರಡಿ ಅಂದರು, ಒಳ್ಳೆಯ ಪದ್ಯ. ಆದರೂ ಅದು ಮಗ ಕಂಡ ಅವ್ವ. ನಾಳೆ ನಾನೂ ಹೀಗೇ ಆಗಿಬಿಡುತ್ತೇನಲ್ಲ ಎಂಬ ಹೆದರಿಕೆ ಅಲ್ಲಿಲ್ಲ. ಆ ಹೆದರಿಕೆ ಇರುವುದು ಮಗಳಿಗೆ ಮಾತ್ರ. ನನಗೆ ಬೇಕಾದ ಪುಸ್ತಕಗಳು ಶುರುವಾಗುವುದೇ ಅಲ್ಲಿಂದ.

ಮೊದಲು 'ಫಣಿಯಮ್ಮ'. ಎಂ.ಕೆ. ಇಂದಿರಾ ಬರೆದದ್ದು, 1976ರಲ್ಲಿ ಬಂತು, ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಒಂಬತ್ತು ವರ್ಷಕ್ಕೆ ಮದುವೆ, ಅದರ ಬೆನ್ನಿಗೇ ಹಾವು ಕಚ್ಚಿ ಗಂಡನ ಸಾವು, ಮುಂದೆ ತಲೆ ಬೋಳಿಸಿಕೊಂಡು ನೂರು ದಾಟಿದ ಬದುಕು. ಫಣಿಯಮ್ಮನಿಗೆ ಮಕ್ಕಳಿಲ್ಲ. ಹಾಗಾದರೆ ಇದು ತಾಯಿ-ಮಗಳ ಪುಸ್ತಕ ಹೇಗೆ? ಕೇಳಿ. ಈ ಅಜ್ಜಿ ತನ್ನ ಕಥೆ ಹೇಳಿಕೊಂಡದ್ದು ಇಂದಿರಾ ಅವರ ತಾಯಿಗೆ. ತಾಯಿ ಅದನ್ನು ಮಗಳಿಗೆ ಹೇಳಿದರು. ಮಗಳು ಅದನ್ನು ಪುಸ್ತಕ ಮಾಡಿದರು. ಮನೆ ತುಂಬ ಗಂಡಸರಿದ್ದರು, ಅವರಲ್ಲಿ ಯಾರಿಗೆ ಹೇಳಿದ್ದರೂ ಅದು ಅಲ್ಲಿಗೇ ಮುಗಿಯುತ್ತಿತ್ತು. ಆ ಮಗಳಾದರೂ ಎಂಥವಳು? ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿ, ಚಿಕ್ಕ ವಯಸ್ಸಿಗೇ ಮದುವೆಯಾಗಿ, ಓದು ಅರ್ಧಕ್ಕೆ ನಿಂತು, ನಲವತ್ತೈದರ ಆಸುಪಾಸಿನಲ್ಲಿ ಕಾದಂಬರಿ ಬರೆಯಲು ಕೂತವಳು. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. "ನಮಗೆಲ್ಲ ವಯಸ್ಸಾಯ್ತು" ಅನ್ನುವವರು ಇದನ್ನೊಂದು ಕಡೆ ಬರೆದಿಟ್ಟುಕೊಳ್ಳಿ.

'ಫಣಿಯಮ್ಮ' ಪುಸ್ತಕದಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಬರುತ್ತಾಳೆ. ಗಂಡ ಸತ್ತಿದ್ದಾನೆ, ಕೂದಲು ತೆಗೆಸಿಕೋ ಅನ್ನುತ್ತಾರೆ, ಒಲ್ಲೆ ಅನ್ನುತ್ತಾಳೆ. ಆಗ ಅವಳ ಪರ ನಿಲ್ಲುವುದು ಜೀವಮಾನವಿಡೀ ಬೋಳುತಲೆಯಲ್ಲಿ ಕಳೆದ ಫಣಿಯಮ್ಮನೇ. ನನಗಾದದ್ದು ಇವಳಿಗೆ ಬೇಡ ಅಂತ. ನನ್ನ ಕಾಲದಲ್ಲಿ ನಾವು ಅನುಭವಿಸಲಿಲ್ಲವಾ, ನೀನೂ ಅನುಭವಿಸು ಅನ್ನುವ ಅಮ್ಮಂದಿರು, ಅತ್ತೆಯಂದಿರು ಈಗಲೂ ಇದ್ದಾರೆ. ರೇಡಿಯೋ ಕೇಳುತ್ತಲೂ ಇರಬಹುದು.

ಇಲ್ಲೊಂದು ಪ್ರಸಂಗ ಹೇಳಲೇಬೇಕು. ಮಲೆನಾಡಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದ ಕಾಲ. 'ಫಣಿಯಮ್ಮ' ಪಾಠ ಮುಗಿಸಿ, ಹುಡುಗಿಯರಿಗೆ ಒಂದು ಕೆಲಸ ಕೊಟ್ಟೆ. ನಿಮ್ಮಮ್ಮನ ಮದುವೆಗೆ ಮುಂಚಿನ ಬದುಕನ್ನು ಕೇಳಿ ಎರಡು ಪುಟ ಬರೆದು ತನ್ನಿ. ತಂದರು. ಎಲ್ಲದರಲ್ಲೂ ಒಂದೇ ರಾಗ: "ನನ್ನ ತಾಯಿ ತ್ಯಾಗಮಯಿ, ನಮಗಾಗಿ ಬಹಳ ಕಷ್ಟಪಟ್ಟಿದ್ದಾರೆ." ಅಯ್ಯೋ, ಹೆಣ್ಣುಮಕ್ಕಳೇ ಗಂಡುಮಕ್ಕಳ ಹಾಗೆ ಬರೆದರೆ ಏನು ಮಾಡುವುದು! ಎಲ್ಲ ವಾಪಸು ಕೊಟ್ಟು, ಮತ್ತೆ ಕೇಳಿ ಅಂದೆ.

ಒಬ್ಬಳು ಏನೂ ಬರೆಯದೆ ಒಂದು ಕಟ್ಟು ತಂದಳು. ಅಟ್ಟದಲ್ಲಿ ಸಿಕ್ಕಿತಂತೆ. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ, ಗೋಣಿದಾರ ಹಾಕಿ ಹೊಲಿದದ್ದು. ಮೇಲೆ ಮೈದಾ ಅಂಟಿನಲ್ಲಿ ಅಂಟಿಸಿದ ಕಂದು ಕಾಗದ. ಹಿಂಬದಿಗೆ ಅರ್ಧರ್ಧ ತಲೆಯೆಣ್ಣೆ ಜಾಹೀರಾತು. ನಿಮ್ಮಲ್ಲೂ ಎಷ್ಟೋ ಜನ ಹೀಗೆ ಹೊಲಿದಿಟ್ಟಿದ್ದೀರಿ. ಆದರೆ ಇದರ ಅಂಚಿನ ತುಂಬ ಪೆನ್ಸಿಲ್ ಅಕ್ಷರ. ಕಥೆಯಲ್ಲಿ ತಾಯಿ-ಮಗಳು ರಾಜಿಯಾಗುವ ಕಡೆ, "ಇಷ್ಟು ಬೇಗ ಯಾರೂ ಒಪ್ಪಲ್ಲ." ತಾಯಿ ಬೈಯುವ ಕಡೆ, "ಅಮ್ಮನೂ ಹೀಗೇ ಅಂದಿದ್ದಳು," ಅದರ ಕೆಳಗೆ ಇನ್ನೊಂದು ಸಾಲು, "ಇಲ್ಲ, ಇದಕ್ಕಿಂತ ಜೋರಾಗಿ." ನಡುವೆ ಒಂದು ವಾರದ ಕಂತು ಇಲ್ಲವೇ ಇಲ್ಲ. ಆ ಜಾಗದಲ್ಲಿ ಗೆರೆ ಹಾಳೆಯ ನಾಲ್ಕು ಪುಟ, ಅದೇ ಕೈಬರಹ. ಸಿಗದ ಕಂತನ್ನು ಆಕೆ ತಾನೇ ಬರೆದು ಹೊಲಿದುಬಿಟ್ಟಿದ್ದಾಳೆ!

ಹುಡುಗಿ ಕಕ್ಕಾಬಿಕ್ಕಿ. "ನಮ್ಮಮ್ಮ ಏನೂ ಓದಲ್ಲ ಮೇಡಮ್, ಓದಿದ್ರೆ ತಲೆನೋವು ಅಂತಾರೆ." ಕೇಳಿ ನೋಡು ಅಂದೆ. ಕೇಳಿದ್ದಕ್ಕೆ, "ಅದೆಲ್ಲ ಈಗ್ಯಾಕೆ, ಹಾಲು ಇಳಿಸು ಹೋಗು" ಅಂತ ಉತ್ತರ ಬಂತಂತೆ. ಕೆಲವು ದಿನ ಬಿಟ್ಟು ಆ ತಾಯಿ ಸ್ಟಾಫ್ ರೂಮಿನ ಬಾಗಿಲಿಗೇ ಬಂದರು. ಕೂರಲಿಲ್ಲ. "ಕಟ್ಟು ಕೊಡಿ ಮೇಡಮ್, ಅದು ಯಾರೂ ಓದಲಿ ಅಂತ ಬರೆದಿದ್ದಲ್ಲ." ಕೊಟ್ಟೆ. ಕೊಡುತ್ತಾ, ಆ ನಾಲ್ಕು ಪುಟ ಯಾಕೆ ಬರೆದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆ ಹುಡುಗಿ ಗಂಡನ ಮನೆ ಬಿಟ್ಟು ಬಂದು ತವರಿನ ಬಾಗಿಲು ತಟ್ಟಿದಳು ಅಂತ ನಿಲ್ಲಿಸಿದ್ರು. ಮುಂದಿನ ವಾರ ಪತ್ರಿಕೆ ಬರಲಿಲ್ಲ. ಅವಳು ಎಷ್ಟು ದಿನ ಅಂತ ಹೊರಗೇ ನಿಂತಿರ್ತಾಳೆ? ನಾನೇ ಒಳಗೆ ಕರಕೊಂಡೆ."

ಮಗಳು ಹಿಂದೆಯೇ ನಿಂತಿದ್ದಳು. ಆಮೇಲೆ ಅವಳು ಬರೆದುಕೊಟ್ಟದ್ದು ಎರಡಲ್ಲ, ಹದಿನಾಲ್ಕು ಪುಟ. ಅದರಲ್ಲಿ ತ್ಯಾಗಮಯಿ ಎಂಬ ಪದ ಒಂದು ಸಲವೂ ಇರಲಿಲ್ಲ. ಅವಳ ಅಮ್ಮನಿಗೆ ಯಾವ ಬಾಗಿಲು ತೆರೆಯಲಿಲ್ಲ ಎಂಬುದಿತ್ತು. ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಮಗಳು ಬರೆದ ಅಮ್ಮ ಅಂತ ನಾನು ಬಡಕೊಳ್ಳುತ್ತಿರುವುದು ಇದಕ್ಕೇ.

ಗಾಜಿನಾಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ತ್ರಿವೇಣಿಯವರ ಬಗ್ಗೆ ವಿಸ್ತಾರವಾಗಿ ಮಾತಾಡಬೇಕೆಂದಿದ್ದೆ, ಆಗುವುದಿಲ್ಲ. ಇಷ್ಟು ಹೇಳುತ್ತೇನೆ. ಅವರು ಮುಗಿಸದೆ ಬಿಟ್ಟುಹೋದ ಕಾದಂಬರಿಯ ಹೆಸರು 'ಅವಳ ಮಗಳು'. 1963ರಲ್ಲಿ, ತಮಗೆ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತೈದೂ ತುಂಬದ ವಯಸ್ಸಿಗೆ ತೀರಿಕೊಂಡರು. ಕಾದಂಬರಿಯನ್ನು ಪೂರ್ತಿ ಮಾಡಿದವರು ಇನ್ನೊಬ್ಬ ಲೇಖಕಿ, ಎಂ.ಸಿ. ಪದ್ಮಾ.

ಇನ್ನು ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಊರೆಲ್ಲ ಫ್ಲೆಕ್ಸು, ಸನ್ಮಾನ. ಒಳ್ಳೆಯದೇ. ಅನುವಾದ ಮಾಡಿದ ದೀಪಾ ಭಾಸ್ತಿಯವರಿಗೂ ಮಾಡಿದರು. ಆದರೆ ಶಾಲು ಹೊದಿಸಿದವರಲ್ಲಿ ಎಷ್ಟು ಜನ 'ಎದೆಯ ಹಣತೆ' ಕಥೆ ಓದಿದ್ದರು? ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ಕೂಸು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮರ್ಯಾದೆಯ ಮಾತಾಡಿ ವಾಪಸು ಬಿಟ್ಟುಬರುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಾಗ ಓಡಿಬಂದು ತಡೆಯುವವಳು ಹಿರಿಮಗಳು ಸಲ್ಮಾ. ಅಬ್ಬನಿಗಾಗಿ ಸಾಯುವುದಾದರೆ ನಮಗಾಗಿ ಬದುಕಲಾರೆಯಾ ಅಂತ ಕೇಳುತ್ತಾಳೆ. ಕಥೆಯ ಕೊನೆ ಹೇಳಿಬಿಟ್ಟಿರಿ ಅಂತ ಬೇಸರ ಮಾಡಿಕೊಳ್ಳಬೇಡಿ. ಆ ಪ್ರಶ್ನೆಗೆ ಮುಂಚಿನ ಪುಟಗಳಲ್ಲಿ ಆ ಮಗಳು ಏನೇನು ನೋಡಿದ್ದಾಳೆ ಎಂಬುದಕ್ಕೆ ಕಥೆ ಓದಬೇಕು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'ಯನ್ನು ಎಲ್ಲರೂ ನಾದಿರಾಳ ಕಥೆ ಅನ್ನುತ್ತಾರೆ. ಇನ್ನೊಮ್ಮೆ ಓದುವಾಗ ಅವಳ ತಾಯಿ ಫಾತಿಮಾಳನ್ನು ಹಿಡಿದುಕೊಂಡು ಓದಿ. ಗಂಡನ ಎದುರು ಬಾಯಿ ತೆರೆಯಲಾರದ ಹೆಂಗಸು, ಮಗಳ ಬಾಳು ಮುಳುಗುವುದನ್ನು ನೋಡುತ್ತಾ ನಿಂತಿದ್ದಾಳೆ.

ಬಂಗಾಳಿಯ ಆಶಾಪೂರ್ಣಾ ದೇವಿಗೆ ಒಂದೇ ನಿಮಿಷ, ಕ್ಷಮಿಸಿ. 'ಪ್ರಥಮ ಪ್ರತಿಶ್ರುತಿ', 'ಸುವರ್ಣಲತಾ', 'ಬಕುಲ್ ಕಥಾ', ಅಜ್ಜಿ, ಮಗಳು, ಮೊಮ್ಮಗಳು, ಹೀಗೆ ಮೂರು ಕಾದಂಬರಿ. ತನಗೆ ಹೇಳದೆ ಒಂಬತ್ತು ವರ್ಷದ ಮಗಳ ಮದುವೆ ಮಾಡಿಬಿಟ್ಟರೆಂದು ಸತ್ಯವತಿ ಮನೆಯನ್ನೇ ಬಿಟ್ಟು ಹೋಗುತ್ತಾಳೆ. ಆ ಮಗಳು ಸುವರ್ಣಲತಾ ದೊಡ್ಡವಳಾಗಿ ಬರೆದ ಪುಸ್ತಕ ತಪ್ಪುತಪ್ಪಾಗಿ ಅಚ್ಚಾಗಿ ಬರುತ್ತದೆ, ಮನೆಯವರು ನಗುತ್ತಾರೆ, ಅವಳು ಅದನ್ನು ಸುಟ್ಟುಹಾಕುತ್ತಾಳೆ. ಮುಂದೆ ಬರಹಗಾರ್ತಿಯಾಗುವವಳು ಅವಳ ಮಗಳು ಬಕುಲ್. ಮೂರು ತಲೆಮಾರು ಬೇಕಾಯಿತು ನೋಡಿ.

ಸಮಯ ಆಯಿತು. ಮೊದಲು 'ಫಣಿಯಮ್ಮ' ಹಿಡಿಯಿರಿ, ಚಿಕ್ಕ ಪುಸ್ತಕ, ಮಧ್ಯಾಹ್ನಗಳಲ್ಲೇ ಮುಗಿಯುತ್ತದೆ. ಲೈಬ್ರರಿಯಲ್ಲಿ ಇಲ್ಲ ಅಂದರೆ ತರಿಸಿಕೊಡಿ ಅಂತ ಬರೆದುಕೊಟ್ಟು ಬನ್ನಿ, ಸಂಕೋಚ ಬೇಡ. ಬಾನು ಅವರ ಪುಸ್ತಕ ಕೇಳಿದಾಗ ಅಂಗಡಿಯವರು ಇಂಗ್ಲಿಷ್ ಪ್ರತಿ ಎತ್ತಿಕೊಡುತ್ತಾರೆ. ಅದನ್ನು ಬೆಂಗಳೂರಿನ ಪೀಜಿಯಲ್ಲಿರುವ ಮಗಳಿಗೆ ಬೇಕಾದರೆ ತೆಗೆದುಕೊಳ್ಳಿ. ನಿಮಗೆ ಕನ್ನಡದ್ದೇ ಬೇಕು ಅಂತ ನಿಂತು ಕೇಳಿ. ನಮಸ್ಕಾರ.