ಪತ್ತೇದಾರಿ ಟ್ಯಾರೋ ಡೆಕ್: ಗೆಳತಿಗೆ ಬಂತು ಕಳ್ಳನ ಕಾರ್ಡು!

ಪತ್ತೇದಾರಿ ಚಿತ್ರಗಳ ಟ್ಯಾರೋ ಡೆಕ್, ಅಂದ್ರೆ ಭವಿಷ್ಯ ಓದುವ ಕಾರ್ಡುಗಳ ಕಟ್ಟು, ಬಿಚ್ಚುದು ವೀಡಿಯೊದಲ್ಲಿ ನೀವೇ ನೋಡ್ತಿದ್ದೀರಿ, ಅದನ್ನು ಹೇಳುದಿಲ್ಲ. ಆದ್ರೆ ಚರ್ ಅಂತ ಒಂದು ಶಬ್ದ ಕೇಳಿತಲ್ಲ? ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡದ್ದು. ಮಂಗ್ಳೂರಿನ ಜುಲೈ ಮಾರಾಯ್ರೇ! ಕದ್ರಿಯಲ್ಲಿ ನಮ್ಮ ಮನೆ, ಕಪಾಟಿನೊಳಗಿನ ಬಟ್ಟೆಗೇ ಬೂಸ್ಟು ಬರ್ತದೆ, ಇನ್ನು ಕಾಗದವನ್ನು ಬಿಡ್ತದಾ? ಎರಡೂವರೆ ಸಾವಿರ ಕೊಟ್ಟಿದ್ದೇನೆ ಇದಕ್ಕೆ. ಅಂಚಿಗೆಲ್ಲ ಬಂಗಾರದ ಬಣ್ಣ ಬಳಿದಿದ್ದಾರೆ, ಆ ಬಣ್ಣವೇ ಈಗ ಅಂಟು. ಕೆಲವಂತೂ ಹಪ್ಪಳದ ಹಾಗೆ ಬಗ್ಗಿವೆ. ಕೇರಂ ಪೌಡರ್ ಹಾಕು ಅಂತ ಅಣ್ಣ ಹೇಳಿದ. ಹಾಕಿದ್ರೆ ಕಪ್ಪು ಚಿತ್ರದ ಮೇಲೆ ಬಿಳಿ ಕಲೆ ಉಳಿತದೆ, ಬೇಡವೇ ಬೇಡ. ಸ್ಟೀಲ್ ಡಬ್ಬದಲ್ಲಿ ಹಾಕಿ, ಚಪ್ಪಲ್ ಬಾಕ್ಸಲ್ಲಿ ಬರ್ತದಲ್ಲ, ಆ ಸಿಲಿಕಾ ಪೊಟ್ಟಣ ಇಡ್ಬೇಕು. ಕರಾವಳಿಯವರು ಡೆಕ್ ತೆಗೊಳ್ಳುವಾಗ ಬಂಗಾರದ ಅಂಚಿನದ್ದು ತೆಗೊಳ್ಲೇಬೇಡಿ.

ಓ, ಕಾರ್ಡ್ ತೆಗ್ದೇಬಿಟ್ಳು ಇವಳು, ನನ್ನ ಗೆಳತಿ. ಕತ್ತಿಯ ಏಳು, ಅಂದ್ರೆ ಏಳು ಕತ್ತಿಗಳ ಕಾರ್ಡು. ನನಗೆ ಈ ಕಾರ್ಡ್ ಕಂಡ್ರೆ ಆಗುದಿಲ್ಲ.

ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ 1909ರ ಪ್ರಸಿದ್ಧ ಟ್ಯಾರೋ ಡೆಕ್ಕಿಗೆ ಬರೆದ ಈ ಕಾರ್ಡಿನ ಚಿತ್ರದಲ್ಲಿ ಒಬ್ಬ ಐದು ಕತ್ತಿ ಅಪ್ಪಿಕೊಂಡು, ಹಿಂದೆ ನೋಡ್ತಾ, ತುದಿಗಾಲಲ್ಲಿ ಡೇರೆಯಿಂದ ಜಾರ್ತಾನೆ. ಎರಡು ಕತ್ತಿ ನೆಲದಲ್ಲೇ ಉಂಟು. ನನ್ನ ಈ ಪತ್ತೇದಾರಿ ಡೆಕ್ಕಲ್ಲಿ ಡೇರೆಯ ಬದಲು ಮಂಜು ಮುಸುಕಿದ ಗಲ್ಲಿ, ಗ್ಯಾಸ್ ದೀಪ. ಹೆಚ್ಚಿನವರು ಓದುದು ಮೋಸ, ಕಳ್ಳತನ ಅಂತ. ಇವಳು ಕೇಳಿದ್ದೂ ಅದನ್ನೇ: ಒಟ್ಟಿಗೆ ಕ್ಯಾಟರಿಂಗ್ ಮಾಡುವವ ಲೆಕ್ಕದಲ್ಲಿ ಕೈಯಾಡಿಸ್ತಿದ್ದಾನಾ? ಮುಖ ನೋಡಿ, ಸಪ್ಪಗಾಯ್ತು.

ಆದ್ರೆ ನಿಲ್ಲಿ. ಪತ್ತೇದಾರ ಓಡುವವನ ಬೆನ್ನು ನೋಡುದಿಲ್ಲ, ಉಳಿದ ಆ ಎರಡು ಕತ್ತಿ ನೋಡ್ತಾನೆ. ಯಾಕೆ ಬಿಟ್ಟ? ಕೈ ಸಾಲಲಿಲ್ವಾ, ಯಾರಾದ್ರೂ ಬಂದ್ರಾ? ಹಳೆ ಚಿತ್ರದಲ್ಲಿ ಎಡಕ್ಕೆ ದೂರದಲ್ಲಿ ಸಣ್ಣ ಗುಂಪೊಂದುಂಟು, ಅವ್ರು ಸಾಕ್ಷಿ ಆಗ್ಬಹುದಲ್ಲ? ಆ ಕ್ಯಾಟರಿಂಗಿನವ ಕಳ್ಳ ಅಂತ ಕಾರ್ಡ್ ಹೇಳುದಿಲ್ಲ. ಸಂಶಯದ ಮೇಲೆ ಹೆಸರು ಹೇಳ್ಬೇಡ, ಉಳಿದದ್ದನ್ನು ಎಣಿಸು ಅಂತ ನಾನು ಓದ್ತೇನೆ. ಬಿಲ್ಲು, ಗ್ಯಾಸ್ ಸಿಲಿಂಡರ್ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್. ಇಷ್ಟು ಒಳ್ಳೆ ಕಾರ್ಡ್ ಇಡೀ ಡೆಕ್ಕಲ್ಲಿ ಇನ್ನೊಂದಿಲ್ಲ ಅಂತ ಈಗ ಅನಿಸ್ತದೆ.

ಹಾಂ, ಇದೊಂದು ಹೇಳ್ಲೇಬೇಕು. ಟ್ಯಾರೋದ 78 ಕಾರ್ಡುಗಳಲ್ಲಿ ‘ಮೈನರ್’ ಅನ್ನುವ ಸಣ್ಣ ಕಾರ್ಡುಗಳು, ಈ ಕತ್ತಿಯ ಏಳಿನಂಥವು, 56. ಕೋನನ್ ಡಾಯ್ಲ್ ಬರೆದ ಪತ್ತೇದಾರ ಶೆರ್ಲಾಕ್ ಹೋಮ್ಸ್‌ನ ಸಣ್ಣಕತೆಗಳೂ 56! ಕಾಕತಾಳೀಯವೇ, ಆದ್ರೂ ನನಗೆ ಖುಷಿ. ಡಾಯ್ಲ್ ಕಡೆಕಡೆಗೆ ಪ್ರೇತಾತ್ಮಗಳನ್ನು ಗಟ್ಟಿಯಾಗಿ ನಂಬಿದವ ಬೇರೆ, ಅದರ ಬಗ್ಗೆ... ಅಯ್ಯೋ, ಕ್ಲಿಪ್ ಮುಗೀತಾ ಬಂತು.

ಇವಳು ಆಗ್ಲೇ ಫೋನ್ ತೆಗ್ದು ಮೂರು ತಿಂಗಳ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡ್ತಿದ್ದಾಳೆ. ಮುಂದಿನದ್ದು ಕಟ್ ಮಾಡಿದ್ದೇನೆ, ಅದು ಅವಳ ಲೆಕ್ಕ.